ಪಕ್ಕದ ಸೀಟಿನ ಬ್ರೇಕ್

ಡ್ರೈವಿಂಗ್ ಮೇಷ್ಟ್ರ ಬಲಗಾಲು ಅವರ ಮಾತು ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇರುತ್ತದಲ್ಲ, ಆ ಕಾಲು ಅದರ ಮೇಲೇ ಠಿಕಾಣಿ ಹೂಡಿತ್ತು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೂ ಅದು ಧಡಕ್ಕನೆ ನೆಲ ಒತ್ತುತ್ತಿತ್ತು. ಹೆಂಡತಿಗೆ ಕಾರು ಕಲಿಸುವಾಗಲಂತೂ ಕೇಳುವುದೇ ಬೇಡ. ಅವಳು ಮೂರನೇ ಗೇರಿಗೆ ಬರುವ ಮೊದಲೇ ಗಾಡಿ ನಿಂತಿರುತ್ತಿತ್ತು.

"ನೀವು ಕಲಿಸ್ತಿದ್ದೀರೋ, ಕಾವಲು ಕಾಯ್ತಿದ್ದೀರೋ?" ಎಂದು ಅವಳು ಸಿಡುಕುತ್ತಿದ್ದಳು.

ಒಂದು ರಜೆಯ ದಿನ ಗಂಡ ಹೆಂಡತಿ ಅದೇ ಕಾರಿನಲ್ಲಿ ಮೇಷ್ಟ್ರ ತಾಯಿಯನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ದೂರದ ಕಡಲತೀರಕ್ಕೆ ಬಂದರು. ಬಂಡೆಯಲ್ಲಿ ಕೊರೆದ ಮಲಗಿದ ಬುದ್ಧನನ್ನು ನೋಡಬೇಕೆಂಬುದು ತಾಯಿಯ ಆಸೆ. ಮರಳ ಮೇಲೆ ಕಾರು ಓಡಿಸಬೇಕೆಂಬುದು ಹೆಂಡತಿಯ ಹಟ. ಅಲ್ಲಿನ ಮರಳು ಇದ್ದಿಲಿನಂತೆ ಕಪ್ಪು, ನಡುನಡುವೆ ಕೆಂಪು ಗೆರೆ. ನೀರು ಇಳಿದಾಗ ಸಿಮೆಂಟು ರಸ್ತೆಯಷ್ಟು ಗಟ್ಟಿ. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ.

ಮಂಡಿ ಆಪರೇಷನ್ ಆದಮೇಲೆ ತಾಯಿಗೆ ನಡೆಯಲು ಆಗುತ್ತಿರಲಿಲ್ಲ. ಹೆಂಡತಿ ಕಾರನ್ನು ಬಂಡೆಯ ಬುಡಕ್ಕೇ ತಂದು ನಿಲ್ಲಿಸಿದಳು. ತಾಯಿ ಕಿಟಕಿ ಇಳಿಸಿ ನೋಡಿದ್ದೇ ನೋಡಿದ್ದು.

"ಅಲೆಗಳ ಇಷ್ಟು ಗದ್ದಲದಲ್ಲೂ ಹೇಗೆ ಮಲಗಿದ್ದಾನೆ ನೋಡೋ ಮಹಾರಾಯ!"

ಅಷ್ಟರಲ್ಲಿ ಮೇಲಿನಿಂದ, ಹಿಂದೆ ಭಿಕ್ಷುಗಳಿದ್ದ ಗುಹೆಗಳ ಕಡೆಯಿಂದ, ಕಾವಲುಗಾರ ಏದುಸಿರು ಬಿಡುತ್ತ ಓಡಿಬಂದ. "ಇನ್ನೂ ಇಲ್ಲೇ ಇದ್ದೀರಾ? ನೀರು ಏರ್ತಿದೆ, ಹೊರಡಿ! ನಡುವೆ ಮಾತ್ರ ನಿಲ್ಲಿಸ್ಬೇಡಿ. ಓಡೋ ಚಕ್ರನ ಈ ನೆನೆದ ಮರಳು ತಡ್ಕೊಳ್ಳುತ್ತೆ, ನಿಂತ್ರೆ ನುಂಗಿಬಿಡುತ್ತೆ."

ಸೀಟು ಬದಲಿಸುವ ವ್ಯವಧಾನ ಯಾರಿಗಿತ್ತು? ಹೆಂಡತಿ ಹೊರಟೇಬಿಟ್ಟಳು. ಬಂದ ದಾರಿ ಆಗಲೇ ಕಿರಿದಾಗಿತ್ತು. ಒಂದು ಅಲೆ ಬಾಗಿಲಿಗೆ ಅಪ್ಪಳಿಸಿತು. ಮೇಷ್ಟ್ರ ಕಾಲು ಬ್ರೇಕ್ ಒತ್ತಿತು.

ಕಾರು ಕುಸಿಯಿತು. ತಮ್ಮ ಕಡೆಯ ಮೂಲೆ ಮೆತ್ತಗೆ ಕೆಳಗಿಳಿಯುವುದು ಮೇಷ್ಟ್ರಿಗೆ ಗೊತ್ತಾಯಿತು.

"ಕಾಲು ತೆಗೀರಿ!" ಹೆಂಡತಿ ಕಿರುಚಿದಳು. ಎಂಜಿನ್ ಅರಚಿತು, ಚಕ್ರ ಕಪ್ಪು ಕೆಸರನ್ನು ಎರಚಿತು. ಕಾರು ತೆವಳಿಕೊಂಡು ಹೇಗೋ ಮೇಲೆ ಬಂತು. ಇನ್ನೊಮ್ಮೆ ಹೀಗಾದರೆ ಬರುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಬಾಗಿಲು ತೆರೆದು ಓಡೋಣವೆಂದರೆ ತಾಯಿ ಓಡುವುದೆಲ್ಲಿಂದ?

ಮುಂದೆ ಬಂಡೆಯ ಮೂಗೊಂದು ನೀರಿನವರೆಗೆ ಚಾಚಿತ್ತು. ಅದನ್ನು ಸುತ್ತಿ ಹೋಗಬೇಕಾದರೆ ನೀರಿಗೇ ಇಳಿಯಬೇಕು. ಹೆಂಡತಿ ಸ್ಟಿಯರಿಂಗನ್ನು ಸಮುದ್ರದ ಕಡೆ ತಿರುಗಿಸಿದಳು. ಮೇಷ್ಟ್ರ ಕಾಲು ಮತ್ತೆ ಬ್ರೇಕಿನ ಕಡೆ ಹರಿಯತೊಡಗಿತು. ಬೇಡ ಎಂದರೂ ಕೇಳಲಿಲ್ಲ. ಸಮುದ್ರಕ್ಕಿಂತ ಆ ಕಾಲಿನ ಭಯವೇ ಅವರಿಗೆ ಹೆಚ್ಚಾಯಿತು. ಕೊನೆಗೆ ಎರಡೂ ಕೈಯಿಂದ ಅದನ್ನು ಎತ್ತಿ, ಇನ್ನೊಂದನ್ನೂ ಎಳೆದುಕೊಂಡು, ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಕಾಲುಗಳನ್ನು ಕಳ್ಳರನ್ನು ಹಿಡಿದಂತೆ ಬಿಗಿಯಾಗಿ ಹಿಡಿದುಕೊಂಡರು.

ನೀರು ಗಾಜಿನವರೆಗೆ ಹಾರಿತು. ಏನೂ ಕಾಣಲಿಲ್ಲ. ತಾಯಿ ಹಿಂದಿನಿಂದ ಮಗನ ಅಂಗಿಯ ಕಾಲರನ್ನು ಗಟ್ಟಿಯಾಗಿ ಹಿಡಿದಿದ್ದರು. "ಹೋಗು ಮಗಳೇ, ಹೋಗು" ಎನ್ನುತ್ತಲೇ ಇದ್ದರು. ಮೇಷ್ಟ್ರು ಕಣ್ಣು ಮುಚ್ಚಿ ಹಲ್ಲು ಕಚ್ಚಿದರು.

ಚಕ್ರದ ಕೆಳಗೆ ಜಲ್ಲಿಯ ಸದ್ದಾಯಿತು. ರಸ್ತೆ ಬಂದಿತ್ತು.

ಹೆಂಡತಿ ತಾನಾಗಿಯೇ ಕಾರು ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಸ್ವಲ್ಪ ಹೊತ್ತಿನ ನಂತರ ಕೀಲಿಯನ್ನು ಗಂಡನ ಮುಂದೆ ಹಿಡಿದು, "ಇನ್ನು ನೀವೇ ಓಡಿಸಿ" ಎಂದಳು.

ಮೇಷ್ಟ್ರು ಕೀಲಿಯನ್ನು ತೆಗೆದುಕೊಳ್ಳಲಿಲ್ಲ. ಜೋಮು ಹಿಡಿದ ಕಾಲುಗಳನ್ನು ಎಳೆಯುತ್ತ ಇಳಿದು, ಹಿಂದಿನ ಬಾಗಿಲು ತೆರೆದು ತಾಯಿಯ ಪಕ್ಕ ಕೂತರು.

"ಮನೆವರೆಗೂ ನೀನೇ," ಎಂದರು.