ಯಾವ ಹಿಂಡಿ?

ಹನುಮಂತನಗರದ ಪದ್ಮಶ್ರೀಗೆ ಆ ದಿನಗಳಲ್ಲಿ ಮೂರು ಹೆಸರುಗಳಿದ್ದವು. ಮನೆಯಲ್ಲಿ, ಬೀದಿಯಲ್ಲಿ, ಬನಶಂಕರಿಯ ವಿಮಾ ಕಚೇರಿಯಲ್ಲಿ ಅವಳು ಪದ್ಮಶ್ರೀಯೇ. ಆದರೆ ಅವಳೂ ಅವಳ ತಮ್ಮ ಸುಭಾಷನೂ ಸೇರಿ ಮನೆಮಹಡಿಯಲ್ಲಿ ಗಿಡ ಬೆಳೆಸುವವರಿಗಾಗಿ ಶುರುಮಾಡಿದ್ದ ‘ತಾರಸಿ ಕಟ್ಟೆ’ ಎಂಬ ಆನ್‌ಲೈನ್ ಚರ್ಚಾತಾಣದೊಳಗೆ ಹೊಕ್ಕರೆ, ಬೆಳಿಗ್ಗೆ ಅವಳು ‘ಕುಂಡದ ಕಮಲಿ’ ಎಂಬ ಏನೂ ಅರಿಯದ ಗೃಹಿಣಿ, ಸಂಜೆ ‘ಜೆ.ಪಿ. ನಗರದ ಪಿಳ್ಳಣ್ಣ’ ಎಂಬ ರಿಟೈರಾದ, ಮಾತು ಕಮ್ಮಿಯ, ಮೂಗಿನ ತುದಿಯಲ್ಲೇ ಸಿಟ್ಟಿರುವ ಯಜಮಾನ. ಕಮಲಿ ತನ್ನ ಟೊಮೆಟೊ ಗಿಡದ ಎಲೆ ಯಾಕೆ ಮುದುರಿಕೊಂಡಿದೆ ಎಂದು ಕೇಳುತ್ತಿದ್ದಳು. ಪಿಳ್ಳಣ್ಣ ಎರಡೇ ಸಾಲಿನಲ್ಲಿ ಉತ್ತರ ಬಿಸಾಕುತ್ತಿದ್ದ. ಆಮೇಲೆ ಪದ್ಮಶ್ರೀ ಬಂದು ಇಬ್ಬರಿಗೂ ಧನ್ಯವಾದ ಹೇಳಿ ಹೋಗುತ್ತಿದ್ದಳು.

ಇದನ್ನು ಮೋಸ ಎನ್ನುವವರು ಒಂದು ಸಲ ಚರ್ಚಾತಾಣ ಕಟ್ಟಿ ನೋಡಬೇಕು. ಹೊಸ ಹೋಟೆಲಿನವನು ಮೊದಮೊದಲು ತನ್ನ ಭಾವಮೈದುನರನ್ನೇ ಕರೆದು ಮುಂದಿನ ಟೇಬಲ್ಲಿನಲ್ಲಿ ಕೂರಿಸಿ ದೋಸೆ ತಿನ್ನಿಸುವುದಿಲ್ಲವೇ? ಖಾಲಿ ಕುರ್ಚಿ ಕಂಡರೆ ಜನ ಒಳಗೆ ಕಾಲಿಡುವುದಿಲ್ಲ. ಪದ್ಮಶ್ರೀ ಮಾಡಿದ್ದೂ ಅಷ್ಟೇ. ಪಿಳ್ಳಣ್ಣನ ಹೆಸರು ಮನೆಯಲ್ಲಿ ಎಷ್ಟು ಓಡಾಡುತ್ತಿತ್ತೆಂದರೆ, ಅವಳ ತಾಯಿ ಅಂಕಮ್ಮ, ಪಾಪ ಆ ಮನುಷ್ಯ ಇಷ್ಟೆಲ್ಲ ಸಹಾಯ ಮಾಡುತ್ತಾರಲ್ಲ, ಒಂದು ಭಾನುವಾರ ಊಟಕ್ಕೆ ಕರೆಯಬಾರದೇ ಎಂದು ಕೇಳಿದ್ದರು.

ಇದಕ್ಕೆಲ್ಲ ಒಂದು ವಾಟ್ಸಾಪ್ ಗ್ರೂಪ್ ಸಾಲದೇ ಎಂದು ಕೇಳದವರಿಲ್ಲ. ಆ ಮಾತು ಕಿವಿಗೆ ಬಿದ್ದರೆ ಪದ್ಮಶ್ರೀಗೆ ಮೈ ಉರಿಯುತ್ತಿತ್ತು. ಅಂಥ ಗ್ರೂಪಿನಲ್ಲಿ ಇದ್ದು ಸಾಕಾಗಿ ಹೊರಗೆ ಬಂದವಳು ಅವಳು. ಹಾಗಲಬಳ್ಳಿಯ ಹೂವು ಉದುರುವುದಕ್ಕೆ ಯಾರೋ ಪುಣ್ಯಾತ್ಮರು ಕೊಟ್ಟಿದ್ದ ಬಂಗಾರದಂಥ ಉತ್ತರ, ಮಾರನೆಯ ಬೆಳಿಗ್ಗೆ ಗುಡ್ ಮಾರ್ನಿಂಗ್‌ಗಳ, ಹುಟ್ಟುಹಬ್ಬದ ಕೇಕುಗಳ ಅಡಿಯಲ್ಲಿ ಹೂತುಹೋಗಿತ್ತು. ಈ ವರ್ಷ ಕೊಟ್ಟ ಉತ್ತರ ಮುಂದಿನ ವರ್ಷ ಕೇಳುವವರಿಗೂ ಸಿಗಬೇಕು, ಅದೂ ಕನ್ನಡದಲ್ಲಿ ಸಿಗಬೇಕು ಎಂಬುದು ಅವಳ ಹಟ. ಸುಭಾಷ ತಾಣ ಕಟ್ಟಿಕೊಟ್ಟ. ಮನೆಯ ಹಾಲ್‌ನಲ್ಲಿ ಬುದ್ಧನ ವಿಗ್ರಹದ ಪಕ್ಕ ರೂಟರ್ ಇಟ್ಟುಕೊಂಡು ತನ್ನ ರಜೆಗಳನ್ನೆಲ್ಲ ಅದಕ್ಕೇ ಸುರಿದ. ಹೆಸರು ಕೊಟ್ಟು ಸೇರಿಕೊಂಡವರೂ ಒಂದಷ್ಟು ಜನ ಇದ್ದರು. ಆದರೆ ಅವರೆಲ್ಲ ಸದ್ದಿಲ್ಲದೆ ಬಂದು ಓದಿಕೊಂಡು ಹೋಗುವವರೇ ಹೊರತು ಬಾಯಿ ಬಿಡುವವರಲ್ಲ.

ಕೊನೆಗೆ ಸುಭಾಷನ ತಾಳ್ಮೆ ಕೈಕೊಟ್ಟಿತು.

“ಅಕ್ಕ, ಇದು ಕಟ್ಟೆ ಅಲ್ಲ, ಕನ್ನಡಿ. ನೀನೇ ಕೇಳ್ತೀಯ, ನೀನೇ ಹೇಳ್ತೀಯ,” ಅಂದ. “ಯಾರೋ ಕೇಳಿದ್ದಕ್ಕೆ ನೀನಲ್ದೆ ಇನ್ಯಾರಾದ್ರೂ ಉತ್ರ ಕೊಡ್ಲಿ, ಒಂದೇ ಒಂದ್ಸಲ. ಜಯನಗರದ ಸಂತೆ ದಿನ ಮುಗಿಯೋದ್ರೊಳಗೆ ಆಗ್ಲಿಲ್ಲ ಅಂದ್ರೆ ಮುಚ್ಚಿಬಿಡಣ.”

ಸಂತೆಯೆಂದರೆ ಜಯನಗರದ ಒಂದು ಪಾರ್ಕಿನಲ್ಲಿ ಕೈತೋಟದವರು ಸೇರಿ ನಡೆಸುವ ಭಾನುವಾರದ ಸಂತೆ. ಅಲ್ಲಿ ಅಕ್ಕ ತಮ್ಮ ಪ್ರಚಾರಕ್ಕೆಂದು ಒಂದು ಟೇಬಲ್ ಹಿಡಿದಿದ್ದರು. ಪದ್ಮಶ್ರೀ ಹೂಂ ಅಂದಳು. ಅನ್ನಲು ಮನಸ್ಸಿರಲಿಲ್ಲ. ಆದರೆ ತಮ್ಮ ಹೇಳಿದ್ದು ಸುಳ್ಳಲ್ಲವಲ್ಲ.

ಅಲ್ಲಿಂದ ಅವಳಿಗೆ ಕಾಲಿಗೆ ಚಕ್ರ ಕಟ್ಟಿದಂತಾಯಿತು. ನರ್ಸರಿಗಳ ಗೋಡೆಗೆ ಚೀಟಿ ಅಂಟಿಸಿದಳು. ಉತ್ತರಹಳ್ಳಿಯ ಅಪಾರ್ಟ್‌ಮೆಂಟುಗಳ ಸೆಕ್ಯೂರಿಟಿಯವರನ್ನೆಲ್ಲ ಅಣ್ಣ ಅಣ್ಣ ಎಂದು ಮಾತಾಡಿಸಿ ನೋಟಿಸ್ ಬೋರ್ಡಿನಲ್ಲಿ ಜಾಗ ಗಿಟ್ಟಿಸಿದಳು. ಕಡಲೆಕಾಯಿ ಪರಿಷೆಯ ನೂಕುನುಗ್ಗಲಿನಲ್ಲಿ ನಿಂತು ಕರಪತ್ರ ಹಂಚಿದಳು. ಜನ ಇಸಿದುಕೊಂಡು ಓದದೆ ಮುಂದೆ ಹೋದರು. ಒಬ್ಬ ವ್ಯಾಪಾರಿ ಮಾತ್ರ ತಾನಾಗಿಯೇ ಕೇಳಿ ಒಂದು ಕಟ್ಟನ್ನೇ ಪಡೆದುಕೊಂಡಾಗ ಅವಳು ಹಿಗ್ಗಿ ಹೀರೇಕಾಯಿಯಾದಳು. ಸ್ವಲ್ಪ ಹೊತ್ತು ಬಿಟ್ಟು ತಿರುಗಿ ನೋಡಿದರೆ, ಅವನು ಅವುಗಳಲ್ಲಿ ಪೊಟ್ಟಣ ಸುತ್ತಿ ಹುರಿದ ಕಡಲೆಕಾಯಿ ಮಾರುತ್ತಿದ್ದ. ಸುಭಾಷ ಅದನ್ನು ಹೇಳಿ ಹೇಳಿ ನಕ್ಕ.

ಆದರೆ ದಾನಮ್ಮ ಬಂದದ್ದು ಆ ಪೊಟ್ಟಣದಿಂದಲೇ. ದಾನಮ್ಮ ಬಾಗಲಕೋಟೆಯ ಹುಡುಗಿ. ಬಿಟಿಎಂ ಲೇಔಟಿನಲ್ಲಿ ಮಹಡಿಯ ಮೇಲಿನ ಒಂದು ಕೋಣೆ ಬಾಡಿಗೆಗೆ ಹಿಡಿದು, ಯಾವುದೋ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಪರಿಷೆಯಲ್ಲಿ ಕಡಲೆಕಾಯಿ ತಿಂದು ಮುಗಿಸಿ, ಕಾಗದ ಬಿಡಿಸಿ ಓದಿ, ಮನೆಗೆ ಹೋದವಳೇ ತಾರಸಿ ಕಟ್ಟೆಗೆ ಸೇರಿಕೊಂಡಿದ್ದಳು. ತನ್ನ ಗುಲಾಬಿ ಬರೀ ಎಲೆ ಬಿಡುತ್ತಿದೆ, ಹೂವೇ ಇಲ್ಲ, ಏನು ಮಾಡಲಿ ಎಂದು ಕೇಳಿದ್ದಳು. ಮೊಟ್ಟಮೊದಲ ನಿಜವಾದ ಪ್ರಶ್ನೆ! ಪದ್ಮಶ್ರೀ ಕಚೇರಿಯಲ್ಲಿ ಅದನ್ನು ಓದಿ, ಕಾರಿಡಾರಿಗೆ ಹೋಗಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಒಂದು ಸಣ್ಣ ಕುಣಿತ ಕುಣಿದು ಬಂದಳು. ಬೇರೆ ಯಾರಾದರೂ ಉತ್ತರಿಸಲಿ ಎಂದು ಸಂಜೆಯವರೆಗೆ ಹಲ್ಲು ಕಚ್ಚಿ ಕಾದಳು. ಯಾರೂ ಬರಲಿಲ್ಲ. ಮೊದಲ ಅತಿಥಿಯನ್ನು ಎಷ್ಟು ಹೊತ್ತು ಬಾಗಿಲಲ್ಲಿ ನಿಲ್ಲಿಸುವುದು? ಪಿಳ್ಳಣ್ಣನೇ ಎದ್ದು ಬರಬೇಕಾಯಿತು. ತನ್ನ ಎಂದಿನ ಗತ್ತಿನಲ್ಲಿ ಅವನು ಬರೆದ: ಎರಡು ಹಿಡಿ ಹಿಂಡಿ. ನೀರಲ್ಲಿ ನೆನೆಸಿ. ತೆಳುವಾಗಿ ಕಲಸಿ ಬುಡಕ್ಕೆ ಹಾಕಿ.

ದಾನಮ್ಮ ಥ್ಯಾಂಕ್ಸ್ ಅಂದಳು. ಆಮೇಲೆ ಸುದ್ದಿಯಿಲ್ಲ.

ಸಂತೆ ಇನ್ನೇನು ಬಂತು ಎನ್ನುವಾಗ ಒಂದು ಮಧ್ಯಾಹ್ನ, ಎಲ್ಲರೂ ಓದುವ ಜಾಗದಲ್ಲೇ ಅವಳ ಎರಡನೆಯ ಬರಹ ಬಂದು ಬಿತ್ತು.

“ಪಿಳ್ಳಣ್ಣ ಅವರ, ನಿಮ್ಮ ಮಾತ ಕೇಳಿ ನಮ್ಮವ್ವ ಊರಿಂದ ಕಳಿಸಿದ ಹಿಂಡಿ ಎಲ್ಲಾ ಗಿಡಕ್ಕ ಸುರಿದೀನ್ರಿ. ಗಿಡ ಬಾಡೈತಿ. ತಾರಸಿ ತುಂಬ ಇರವಿ ಹತ್ಯಾವ. ಬಳ್ಳೊಳ್ಳಿ ವಾಸನಿಗೆ ಮನಿ ಮಾಲಕರು ಮ್ಯಾಲ ಬಂದು ಬೈದು ಹೋದ್ರು. ಈಗ ಗಿಡಕ್ಕ ಹೂವಿಲ್ಲ, ನನ್ನ ರೊಟ್ಟಿಗೆ ಹಿಂಡಿ ಇಲ್ಲ.”

ಕಚೇರಿಯಲ್ಲಿದ್ದ ಪದ್ಮಶ್ರೀ ಅದನ್ನು ಓದಿದಳು. ಮತ್ತೆ ಓದಿದಳು. ಬೆಳ್ಳುಳ್ಳಿಯೇ? ಹಿಂಡಿಗೆ ಬೆಳ್ಳುಳ್ಳಿ ವಾಸನೆ ಎಲ್ಲಿಂದ ಬಂತು? ಅಷ್ಟರಲ್ಲಿ ಸುಭಾಷನ ಫೋನು. ಅವನದು ಒಂದೇ ಮಾತು, ಅದನ್ನು ಮೊದಲು ಅಳಿಸಿಹಾಕು. ಭಾನುವಾರ ಸಂತೆಯಲ್ಲಿ ಜನ ಫೋನು ತೆಗೆದು ಮೊದಲು ನೋಡುವುದೇ ಇದನ್ನು, ಗಿಡ ಸಾಯಿಸುವ ತಾಣ ಎಂದು ಹೆಸರಾಗುತ್ತದೆ ಎಂದು ಅವನ ಗಾಬರಿ.

“ಇರೋದೇ ಒಬ್ಳು ನಿಜವಾದ ಮೆಂಬರ್ರು ಕಣೋ,” ಅಂದಳು ಪದ್ಮಶ್ರೀ. “ಅವಳ ಬಾಯಿ ಮುಚ್ಚಿಸ್ಬಿಟ್ಟು ನಾನು ಯಾರ ಜೊತೆ ಮಾತಾಡ್ಲಿ?”

ಫೋನಿಟ್ಟು, ಪಿಳ್ಳಣ್ಣನ ಹೆಸರಿನಲ್ಲಲ್ಲ, ತನ್ನದೇ ಹೆಸರಿನಲ್ಲಿ ದಾನಮ್ಮನಿಗೆ ಒಂದು ಪ್ರಶ್ನೆ ಬರೆದಳು: ಯಾವ ಹಿಂಡಿ ಹಾಕಿದ್ರಿ?

ಉತ್ತರವಾಗಿ ಒಂದು ಫೋಟೊ ಬಂತು. ಸ್ಟೀಲಿನ ಡಬ್ಬಿ, ತಳದಲ್ಲಿ ಉಳಿದ ಒಂದಿಷ್ಟು ಕೆಂಪು ಪುಡಿ. ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಕುಟ್ಟಿ ಮಾಡಿದ್ದು. ಬೆಂಗಳೂರಿನವರ ಬಾಯಲ್ಲಿ ಅದು ಚಟ್ನಿಪುಡಿ. ದಾನಮ್ಮನ ಮನೆಯಲ್ಲಿ ಅದೇ ಹಿಂಡಿ. ಪಿಳ್ಳಣ್ಣ ಹೇಳಿದ್ದು ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ, ದನಕ್ಕೆ ಇಡುವ, ಗಿಡಕ್ಕೆ ಹಾಕುವ ಕಡಲೆಕಾಯಿ ಹಿಂಡಿ. ಕಚೇರಿಯೆಂಬುದನ್ನೂ ಮರೆತು ಪದ್ಮಶ್ರೀ ಗಟ್ಟಿಯಾಗಿ ನಕ್ಕುಬಿಟ್ಟಳು. ಮರುಕ್ಷಣವೇ ನಾಚಿಕೆಯೂ ಆಯಿತು. ತಾಯಿ ಕುಟ್ಟಿ, ಡಬ್ಬಿ ತುಂಬಿ, ಬಸ್ಸಿಗೆ ಹಾಕಿ ಕಳಿಸಿದ್ದನ್ನು ಆ ಹುಡುಗಿ ಪಿಳ್ಳಣ್ಣನ ಮಾತು ನಂಬಿ ಮಣ್ಣಿಗೆ ಸುರಿದಿದ್ದಳಲ್ಲ. ಕುಂಡದ ಮೇಲಿನ ಮಣ್ಣು ತೆಗೆದು ಹೊಸದು ಹಾಕಿ, ಉಪ್ಪು ಇಳಿದುಹೋಗುವಂತೆ ಚೆನ್ನಾಗಿ ನೀರು ಬಿಡಿ, ಗಿಡ ಉಳಿದೀತು ಎಂದು ಬರೆದಳು. ಯಾವ ಹಿಂಡಿ ಎಂದು ಹೇಳದೇ ಇದ್ದದ್ದು ನಮ್ಮದೇ ತಪ್ಪು ಎಂದೂ ಸೇರಿಸಿದಳು.

ಅಲ್ಲಿಂದ ಶುರುವಾಯಿತು ನೋಡಿ. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡು ಓದುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ಬಂದರು. ಹಿಂಡಿ ಎಂದರೆ ದನದ್ದೇ ಎಂದು ಒಬ್ಬರು. ಹಿಂಡಿಯಿಲ್ಲದ ಊಟ ಊಟವೇ ಅಲ್ಲ ಎಂದು ಹುಬ್ಬಳ್ಳಿ ಕಡೆಯ ಮತ್ತೊಬ್ಬರು. ತಮ್ಮ ಅತ್ತೆ ಬೆಂಗಳೂರಿನವರೆಂದೂ, ಮದುವೆಯಾದ ಹೊಸದರಲ್ಲಿ ತಾವು ರೊಟ್ಟಿಗೆ ಹಿಂಡಿ ಇದೆಯಾ ಎಂದು ಕೇಳಿದಾಗ ಅವರು ಬಿಟ್ಟ ಕಣ್ಣು ಬಿಟ್ಟಂತೆಯೇ ನಿಂತಿದ್ದರೆಂದೂ ಮಧುಮತಿ ಎಂಬಾಕೆ ಬರೆದರು. ಉತ್ತರಹಳ್ಳಿಯಲ್ಲಿ ಇನ್ನೂ ಹಸು ಕಟ್ಟಿಕೊಂಡಿರುವ ಶಿವರಾಜ್, ಭಾನುವಾರ ಸಂತೆಗೆ ಅಸಲಿ ಹಿಂಡಿ ತರುತ್ತೇನೆ, ಎಲ್ಲರೂ ಕಣ್ಣಾರೆ ನೋಡಿಕೊಳ್ಳಿ ಎಂದರು. ದಾನಮ್ಮನೂ ಸಿಟ್ಟು ಮರೆತು ಬರೆದಳು: ತಮ್ಮ ಮನೆಯಲ್ಲಿ ದನ ಇದ್ದಿದ್ದೇ ಇಲ್ಲ, ಅದಕ್ಕೇ ಗೊತ್ತಾಗಲಿಲ್ಲ, ಅವ್ವ ಮುರಿಗೆವ್ವ ಫೋನಿನಲ್ಲಿ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು ಎಂದು. ಒಬ್ಬರು ರೆಸಿಪಿ ಬೇಕೆಂದು ಗಂಟುಬಿದ್ದರು. ಯಾರೋ ಇದನ್ನೆಲ್ಲ ಫೋಟೊ ತೆಗೆದು ಊರಿಗೆಲ್ಲ ಹಂಚಿದರು. ಸಂಜೆಯ ಹೊತ್ತಿಗೆ ತಾಣ ತೆವಳತೊಡಗಿತು. ಸುಭಾಷ ಲ್ಯಾಪ್‌ಟಾಪಿನ ಮುಂದೆ ಬೆವರುತ್ತ, ಬೈಯುತ್ತ, ನಗುತ್ತ ಕೂತ. ಪದ್ಮಶ್ರೀಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಾಯಿ ತಟ್ಟೆಗೆ ಬಡಿಸಿದ ಮುದ್ದೆ ತಣ್ಣಗಾಯಿತು.

ಆದರೂ ಸುಭಾಷ ಪಟ್ಟು ಬಿಡಲಿಲ್ಲ. ಜನ ನಗುವುದಕ್ಕೆ ಬಂದಿದ್ದಾರೆ, ನಕ್ಕು ಹೋಗುತ್ತಾರೆ, ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಉತ್ತರ ಕೊಟ್ಟದ್ದನ್ನು ತೋರಿಸು ಎಂದ. ಪದ್ಮಶ್ರೀ ಹುಡುಕಿದಳು. ಜಗಳವಿತ್ತು, ತಮಾಷೆಯಿತ್ತು, ರೆಸಿಪಿಯಿತ್ತು. ಅದೊಂದು ಮಾತ್ರ ಇರಲಿಲ್ಲ.

ಭಾನುವಾರ ಜಯನಗರದ ಪಾರ್ಕಿನಲ್ಲಿ ಅವಳು ಬ್ಯಾನರಿನ ಅಡಿಗೆ ಒಂದು ರಟ್ಟಿನ ಮೇಲೆ ‘ಯಾವ ಹಿಂಡಿ?’ ಎಂದು ದಪ್ಪಕ್ಷರದಲ್ಲಿ ಬರೆದು ತೂಗುಹಾಕಿದಳು. ಅದು ಕೆಲಸ ಮಾಡಿತು. ದಾರಿಯಲ್ಲಿ ಹೋಗುವವರು ನಿಂತು ಇದೇನು ಎಂದು ಕೇಳಿದರು. ಕತೆ ಕೇಳಿ ನಕ್ಕರು. ನಕ್ಕವರು ಸೇರಿಕೊಂಡರು. ಶಿವರಾಜ್ ತಂದ ಹಿಂಡಿಯ ತುಂಡನ್ನು ಮೂಸಿ ನೋಡಲು ಹಿರಿಯರೆಲ್ಲ ಸಾಲುಗಟ್ಟಿದರು.

ಬಿಸಿಲು ಏರಿದ ಮೇಲೆ, ಕೈಯಲ್ಲಿ ಒಂದು ಡಬ್ಬಿ ಹಿಡಿದುಕೊಂಡು ಒಬ್ಬ ಹುಡುಗಿ ನೇರ ಟೇಬಲ್ಲಿನ ಮುಂದೆ ಬಂದು ನಿಂತಳು.

“ನಾ ದಾನಮ್ಮ ರೀ. ಪಿಳ್ಳಣ್ಣ ಅವರು ಯಾರು ಇಲ್ಲಿ?”

ಸುಭಾಷನಿಗೆ ತಟ್ಟನೆ ಬ್ಯಾನರಿನ ಹಗ್ಗ ಸರಿಮಾಡುವ ಕೆಲಸ ನೆನಪಾಯಿತು. ಪಿಳ್ಳಣ್ಣ ಮಗಳ ಮನೆಗೆ ಮೈಸೂರಿಗೆ ಹೋಗಿದ್ದಾರೆ ಎಂಬ ಮಾತು ಪದ್ಮಶ್ರೀಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎದುರಿಗಿದ್ದ ಮುಖ ನೋಡಿ ಅದು ಹೊರಗೆ ಬರಲಿಲ್ಲ.

“ನಾನೇ ಪಿಳ್ಳಣ್ಣ,” ಅಂದಳು. “ಆ ಕಮಲೀನೂ ನಾನೇ. ಯಾರೂ ಮಾತಾಡ್ತಿರ್ಲಿಲ್ಲ, ಅದಕ್ಕೆ.”

ದಾನಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ದೊಡ್ಡ ಮೀಸಿ ಇದ್ದವರನ್ನ ಬೈಯಾಕ ತಯಾರಾಗಿ ಬಂದಿದ್ದೆ ರೀ ನಾ,” ಅಂದಳು. ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ. ಗುಲಾಬಿಗೆ ಹೊಸ ಚಿಗುರು ಬಂದಿದೆ, ಬದುಕುವ ಹಾಗೆ ಕಾಣುತ್ತದೆ ಎಂದಳು. ಅವ್ವ ಹೊಸ ಹಿಂಡಿ ಕಳಿಸಿದ್ದಾಳೆ, ಪಿಳ್ಳಣ್ಣನವರಿಗೂ ಒಂದು ಪಾಲು ಕೊಡು ಎಂದಿದ್ದಾಳೆ ಎಂದು ಡಬ್ಬಿಯನ್ನು ಪದ್ಮಶ್ರೀಯ ಕೈಯಲ್ಲಿಟ್ಟು, ಶಿವರಾಜ್ ಅವರ ಹಿಂಡಿಯಲ್ಲಿ ಒಂದು ತುಂಡು ಕಟ್ಟಿಸಿಕೊಂಡು ಹೊರಟುಹೋದಳು. ಪದ್ಮಶ್ರೀ ಅಲ್ಲೇ ನಿಂತು ತಮ್ಮನಿಗೆ ಹೇಳಿದಳು, ಕಮಲಿ, ಪಿಳ್ಳಣ್ಣ ಇಬ್ಬರನ್ನೂ ಇವತ್ತೇ ತೆಗೆದುಬಿಡೋಣ. ತಾಣ ಉಳಿದರೂ ಸರಿ, ಹೋದರೂ ಸರಿ.

ಸಂತೆ ಮುಗಿಯಿತು. ಬ್ಯಾನರ್ ಸುರುಳಿ ಸುತ್ತಿಕೊಂಡು ಇಬ್ಬರೂ ಬಸ್ಸು ಹತ್ತಿದರು. ಸುಭಾಷ ಮುಚ್ಚುವ ಮಾತೆತ್ತಲಿಲ್ಲ; ಅವನಿಗೂ ಈಗ ಮನಸ್ಸಿರಲಿಲ್ಲ. ಆದರೆ ಮಾತು ಮಾತೇ, ದಿನ ಮುಗಿಯಲು ಇನ್ನು ಕೆಲವೇ ಗಂಟೆ ಉಳಿದಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಪದ್ಮಶ್ರೀ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

ಆಗ ಫೋನು ಗುಂಯ್ ಎಂದಿತು. ಹೊಸ ಪ್ರಶ್ನೆ. ಬೊಮ್ಮನಹಳ್ಳಿಯ ಸಂಗೀತಾ ಎಂಬಾಕೆ, ಗಾರ್ಮೆಂಟ್ಸ್ ಕೆಲಸದವರು, ಸಂತೆಯಲ್ಲಿ ಸೇರಿಕೊಂಡವರು. ನಮ್ಮ ಗುಲಾಬಿ ಬರೀ ಎಲೆ ಬಿಡ್ತಿದೆ, ಹೂವಿಲ್ಲ, ಏನ್ ಮಾಡ್ಬೇಕು? ರೂಢಿಬಲದಿಂದ ಪದ್ಮಶ್ರೀಯ ಬೆರಳು ಪಿಳ್ಳಣ್ಣನ ಹೆಸರಿನ ಕಡೆಗೇ ಓಡಿತು. ಮನೆಗೆ ಹೋಗುವವರೆಗೆ ಅವನಿನ್ನೂ ಬದುಕಿದ್ದ. ಬೆರಳನ್ನು ಬಿಗಿಹಿಡಿದಳು. ಸಂಗೀತಾ ಹೀಗೇ ಕಾದು ಕಾದು ಹೋಗಿಬಿಟ್ಟರೆ ಎಂದು ಪರದೆಯನ್ನೇ ನೋಡುತ್ತ ಕೂತಳು.

ಅಷ್ಟರಲ್ಲಿ ಪ್ರಶ್ನೆಯ ಕೆಳಗೆ ಉತ್ತರವೊಂದು ಮೂಡಿತು.

“ಹಿಂಡಿ ನೆನಸಿ ಹಾಕ್ರಿ ಅಕ್ಕಾರ. ರೊಟ್ಟಿಗೆ ಹಚ್ಚಿಕೊಳ್ಳೋದಲ್ಲ, ದನಕ್ಕ ಇಡೋದು. ಸಂಶಯ ಬಂದ್ರ ಮೊದಲ ಮೂಸಿ ನೋಡ್ರಿ. ಬಳ್ಳೊಳ್ಳಿ ವಾಸನಿ ಬಂದ್ರ ಗಿಡಕ್ಕ ಹಾಕಬ್ಯಾಡ್ರಿ, ನನಗ ಕಳಿಸಿಬಿಡ್ರಿ.”

ಬರೆದವಳು ದಾನಮ್ಮ. ಪದ್ಮಶ್ರೀ ಫೋನನ್ನು ತಮ್ಮನ ಮುಖದ ಮುಂದೆ ಹಿಡಿದಳು. ಅವನು ಓದಿದ, ಮತ್ತೆ ಓದಿದ, ಆಮೇಲೆ ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ನಕ್ಕ. ಅವಳ ಕಣ್ಣಲ್ಲಿ ನೀರು ಬಂದಿತ್ತು. ಇಳಿಯಬೇಕಾದ ಸ್ಟಾಪು ಆಗಲೇ ಹಿಂದೆ ಹೋಗಿತ್ತು.

ತಾಣದ ಒಡತಿಯಾಗಿ ದಾನಮ್ಮನಿಗೆ ಒಂದು ಧನ್ಯವಾದವನ್ನಾದರೂ ಬರೆಯೋಣವೆಂದು ಅವಳು ಕಣ್ಣೊರೆಸಿಕೊಂಡು ಫೋನು ಹಿಡಿದಳು. ಸಂಗೀತಾ ಆಗಲೇ ಅದನ್ನೂ ಹೇಳಿಬಿಟ್ಟಿದ್ದರು. ಎಷ್ಟು ದಿನ ನೆನೆಸಬೇಕೆಂಬುದನ್ನು ಶಿವರಾಜ್ ಹೇಳುತ್ತಿದ್ದರು. ಪದ್ಮಶ್ರೀ ಹೇಳುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಅವಳಿಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.