ಬಂದವರೆದುರು ನಗುವ ಕರಡಿ

ಮನೆಭೇಟಿಗೆ ಹೋದಾಗ ಮೊದಲು ಮಗುವನ್ನು ಹೊಗಳಬೇಕು, ಆಮೇಲೆ ವಿಷಯಕ್ಕೆ ಬರಬೇಕು ಎಂಬುದು ಆ ಶಾಲೆಯ ಟೀಚರುಗಳ ರೂಢಿ. ಕಿವಿ ಹಿಂಡಿದರೂ ಬಗ್ಗದ ಪುಂಡನನ್ನೂ 'ಬಲು ಚುರುಕು' ಎಂದೇ ಶುರುಮಾಡುತ್ತಿದ್ದರು. ಮೂರನೇ ತರಗತಿಯ ಟೀಚರಿಗಂತೂ ಅದು ನೀರು ಕುಡಿದಷ್ಟು ಸುಲಭ. ಹಾಗಾಗಿ, ವಾರದಿಂದ ಶಾಲೆಗೆ ಬಾರದ ಹುಡುಗಿಯ ಮನೆಯಲ್ಲಿ ಕೂತ ಕೂಡಲೇ ಬಾಯಿಬಿಟ್ಟರು.

"ನಿಮ್ಮ ಮಗಳು ಎಷ್ಟು ಚೆನ್ನಾಗಿ ಕಥೆ ಹೇಳ್ತಾಳೆ ಗೊತ್ತಾ? ಕರಡಿ ಕಥೆ ಹೇಳಿ ಇಡೀ ಕ್ಲಾಸನ್ನ ನಗಿಸಿಬಿಟ್ಟಳು!"

ಅವಳಪ್ಪ ಬಡಗಿ. ಸಭ್ಯ ಮನುಷ್ಯ, ಕುರ್ಚಿಯ ಮೇಲಿನ ಮರದ ಪುಡಿಯನ್ನು ತಾನೇ ಒರೆಸಿ ಟೀಚರನ್ನು ಕೂರಿಸಿದ್ದ. "ಹೌದಾ ಟೀಚರ್? ನನಗೆ ಒಂದು ದಿನಾನೂ ಹೇಳಿಲ್ಲವಲ್ಲ. ಏನು ಕಥೆ?"

ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ಹುಡುಗಿಯ ಕೈ ನಿಂತಿತು. ಈ ಸೆಕೆಯಲ್ಲೂ ಉದ್ದ ತೋಳಿನ ಅಂಗಿ.

ಟೀಚರ್ ಕಥೆ ನೆನಪಿಸಿಕೊಂಡರು. ಬಂದವರೆದುರು ನಗುನಗುತ್ತಾ ಇರುವ ಕರಡಿ. ಅವರು ಹೋದ ಮೇಲೆ ಸದ್ದಾಗದಂತೆ ಚಿಲಕ ಹಾಕಿ ಪಂಜ ಎತ್ತುತ್ತದೆ. ಹುಡುಗಿಯ ಅಭಿನಯ ನೋಡಿ ಅವತ್ತು ಟೀಚರೂ ನಕ್ಕಿದ್ದರು. ಈಗ ಕಣ್ಣು ತಾನಾಗಿ ಬಾಗಿಲಿಗೆ ಹೋಯಿತು. ಮಕ್ಕಳ ಕೈಗೆಟುಕದ ಎತ್ತರದಲ್ಲಿ ಚಿಲಕ, ಎಣ್ಣೆ ಹಚ್ಚಿ ಮಿರಮಿರ ಮಿಂಚುತ್ತಿತ್ತು.

"ಅದು... ಜೇನು ಕದಿಯೋ ಕರಡಿ," ಎಂದರು. "ಮೂಗಿಗೆ ಜೇನುಹುಳ ಕಚ್ಚುತ್ತೆ."

"ನೀನೇ ಹೇಳಮ್ಮ, ಕೇಳೋಣ," ಎಂದ ಅಪ್ಪ, ಬೆಣ್ಣೆಯಂಥ ದನಿಯಲ್ಲಿ.

ಹುಡುಗಿ ಟೀಚರ ಮುಖ ನೋಡಿದಳು. "ಮೂಗಿಗೆ ಕಚ್ಚುತ್ತೆ ಅಪ್ಪ. ಮೂಗು ಊದಿಕೊಳ್ಳುತ್ತೆ."

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟು ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ಕಥೆ ಸ್ಪರ್ಧೆ ಇದೆ. ಈಗಲೇ ಕರ್ಕೊಂಡು ಹೋಗ್ಲಾ?" ಎಂದರು ಟೀಚರ್.

"ನಾಳೆ ನಾನೇ ಕಳಿಸ್ತೀನಿ ಟೀಚರ್. ಇವತ್ತು ಅವಳಿಗೆ ಮನೇಲಿ ಕೆಲಸ ಇದೆ." ಹೇಳುತ್ತಲೇ ಎದ್ದು ನಿಂತ. ಟೀಚರೂ ಏಳಲೇಬೇಕಾಯಿತು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು. ಹೆಡ್‌ಮೇಡಂಗೆ ಹೇಳಿ, ಅವರು ಇನ್ನಾರಿಗೋ ಹೇಳಿ, ಯಾರೋ ಬರುವಷ್ಟರೊಳಗೆ? ಹೊಗಳಿದ್ದು ತಾನು, ಪೆಟ್ಟು ತಿನ್ನುವುದು ಅವಳು. ಹಿಂದೆ ಬಾಗಿಲು ಮುಚ್ಚಿತು. ಚಿಲಕದ ಸದ್ದಿಗೆ ಕಿವಿಗೊಟ್ಟರು. ಏನೂ ಕೇಳಿಸಲಿಲ್ಲ.

ಟೀಚರ್ ತಿರುಗಿ ಓಡಿ ಎರಡೂ ಕೈಯಿಂದ ಬಾಗಿಲು ಬಡಿಯತೊಡಗಿದರು. ಅಕ್ಕಪಕ್ಕದ ಬಾಗಿಲುಗಳು ತೆರೆದುಕೊಂಡವು. ಅದೊಂದು ತೆರೆಯಲಿಲ್ಲ.

"ನಾನಿನ್ನೂ ಹೋಗಿಲ್ಲ ಮಗೂ!" ಎಂದು ಕೂಗಿದರು. "ಇಲ್ಲೇ ಇದ್ದೀನಿ! ಇನ್ನೂ ಹೋಗಿಲ್ಲ!"