ಸುತ್ತುದಾರಿ

"ಎಷ್ಟೊತ್ತಿಗೆ ಬರೋದೇ, ಕತ್ತೆ? ತಿಂಡಿ ಮಾಡೋಕೆ ನಿಮ್ಮಪ್ಪ ಬರ್ತಾನಾ?"

ಬಡಾವಣೆಯ ಸಂಘದ ಕಾರ್ಯದರ್ಶಿ ಗೇಟಿನಲ್ಲೇ ಕಾದು ನಿಂತಿದ್ದ. ಆಟೊದಿಂದ ಮನೆಗೆಲಸದ ಹೆಂಗಸರು ಒಬ್ಬರ ಮೇಲೊಬ್ಬರು ಉದುರಿದರು. ಕೊನೆಗೆ ಇಳಿದವಳು ಅವನ ಮನೆಯ ಅಡುಗೆಯವಳು. ಓಣಿಯಲ್ಲಿ ಅವಳಿಗೆ ಬಿರುಗಾಳಿ ಎಂದೇ ಹೆಸರು. ಅವಳು ನಡೆದು ಬಂದರೆ ನಾಯಿಗಳೂ ದಾರಿ ಬಿಡುತ್ತಿದ್ದವು. ಈಗ ಬಿರುಗಾಳಿಯೂ ಆಟೊ ಹತ್ತಬೇಕಾಗಿತ್ತು.

"ರಸ್ತೆ ತುಂಬಾ ಗಾಡಿ, ಸಾರ್."

"ಗಾಡಿಗಿಂತ ಮುಂಚೆ ಎದ್ದು ಸಾಯಿ. ದರಿದ್ರ ಮುಂಡೇವು."

ಅವಳಿಗೆ ನಗು ಬಂತು. ಅವಳ ಮನೆ ಇದ್ದದ್ದು ಇದೇ ಕಾರ್ಯದರ್ಶಿಯ ಹಿತ್ತಿಲ ಹಿಂದಿನ ಓಣಿಯಲ್ಲಿ. ಮೊದಲು ನಡುವೆ ಒಂದು ಕಾಲುದಾರಿಯಿತ್ತು. ಒಲೆಯ ಮೇಲೆ ನೀರಿಟ್ಟು ಹೊರಟರೆ ಅದು ಕುದಿಯುವ ಮೊದಲೇ ಕೆಲಸದ ಮನೆ ಸೇರುತ್ತಿದ್ದಳು. ಓಣಿಯವರು ಕಣ್ಣಿಗೆ ಬೀಳುವುದು ಬಡಾವಣೆಯವರಿಗೆ ಬೇಡವಾಯಿತು; ಗೋಡೆ ಎದ್ದಿತು. ಅಂದಿನಿಂದ ಹೆಂಗಸರೆಲ್ಲ ಹೆದ್ದಾರಿ ಹಿಡಿದು, ಮೇಲ್ಸೇತುವೆ ಹತ್ತಿಳಿದು, ಹೊಟ್ಟೆ ತುಂಬ ಹೊಗೆ ಕುಡಿದು ಅದೇ ಗೋಡೆಯ ಇನ್ನೊಂದು ಮಗ್ಗುಲಿಗೆ ಬರತೊಡಗಿದರು. ಬಡಾವಣೆಯೊಳಗೆ ಅಂಗಡಿಗೆಂದು ಜಾಗವನ್ನೇ ಬಿಟ್ಟಿರಲಿಲ್ಲ. ಚಪ್ಪಲಿ ಮೆಟ್ಟಿ ಓಣಿಯ ಅಂಗಡಿಗೆ ಬಂದು ಹೋಗುತ್ತಿದ್ದ ಸಾಹೇಬರುಗಳು ಈಗ ಒಂದು ಬೆಂಕಿಪೊಟ್ಟಣಕ್ಕೂ ಕಾರು ತೆಗೆಯುತ್ತಿದ್ದರು.

ಗೋಡೆ ಕಟ್ಟಿದವನು ಮತ್ತಾರೂ ಅಲ್ಲ, ಬಿರುಗಾಳಿಯ ಗಂಡ, ಗಾರೆ ಕೆಲಸದವನು.

"ಹೆಂಡ್ತಿ ದಾರಿಗೇ ಗೋಡೆ ಎಬ್ಬಿಸಿದ ಗಂಡಸು ನೀನೊಬ್ಬನೇ ಕಣೋ," ಎಂದು ಅವಳು ಚುಚ್ಚುತ್ತಿದ್ದಳು. ಕೂಲಿ ಕೊಟ್ಟಲ್ಲಿ ಕಟ್ಟೋದು ತನ್ನ ಕೆಲಸ ಎಂದು ಗೊಣಗಿ ಅವನು ಮಗ್ಗುಲು ಬದಲಿಸುತ್ತಿದ್ದ.

ಅದಕ್ಕೂ ಅವಳು ನಗಬಲ್ಲವಳಾಗಿದ್ದಳು. ನಗಲಾಗದೆ ಹೋದದ್ದು ಎಳೆಗೂಸಿನ ವಿಷಯದಲ್ಲಿ. ಮೊದಲಾದರೆ ಕೆಲಸದ ನಡುವೆ ಓಡಿಹೋಗಿ ಮೊಲೆಯೂಡಿಸಿ ಬರುತ್ತಿದ್ದಳು. ಈಗ ಅಷ್ಟು ದೂರ ಸುತ್ತಿ ಬರಲು ಬಿಡುವು ಕೊಡುವವರಾರು? ಅತ್ತೆ ಕುಡಿಸಿದ ಸಕ್ಕರೆ ನೀರನ್ನು ಕೂಸು ಉಗಿದು ಕಿರುಚುವುದು ಅಡುಗೆಮನೆಯ ಕಿಟಕಿಗೇ ಕೇಳುತ್ತಿತ್ತು.

ಅವತ್ತು ಬಡಾವಣೆಯಲ್ಲಿ 'ಇಂಧನ ಉಳಿಸಿ' ಸೈಕಲ್ ಜಾಥಾ. ಪಕ್ಕದ ಬೀದಿಯಿಂದ ಕೆಲವರು ಸೈಕಲ್ಲುಗಳನ್ನು ಕಾರಿನ ತಲೆಗೆ ಕಟ್ಟಿ ತಂದಿದ್ದರು. ಬಿರುಗಾಳಿ ಹಣ್ಣಿನ ರಸ ಹಂಚುತ್ತಿದ್ದಾಗ ಗೋಡೆಯಾಚೆ ಕೂಸು ಅತ್ತಿತು. ಎದೆಹಾಲು ತಾನಾಗಿಯೇ ಸುರಿದು ಕುಪ್ಪಸ ತೊಯ್ದುಹೋಯಿತು. ಕಾರ್ಯದರ್ಶಿ ನೋಡಿ ಮೂಗು ಮುಚ್ಚಿಕೊಂಡ.

"ಥೂ, ಗಬ್ಬು. ದೊಡ್ಡ ಜನ ಬಂದಿದಾರೆ. ಹಿತ್ತಿಲಲ್ಲಿ ಬಿದ್ದಿರು ಹೋಗು."

ಹಿತ್ತಿಲಿಗೇ ಹೋದಳು. ಗೋಡೆಗೆ ಬಾಯಿ ಹಚ್ಚಿ ಅತ್ತೆಯನ್ನು ಕೂಗಿದಳು.

"ಹಸಿದು ಸಾಯ್ತಿದೆ ಕಣವ್ವಾ," ಎಂದಿತು ಅತ್ತೆಯ ದನಿ. "ನನ್ನ ಬತ್ತಿದ ಎದೇನೇ ಕಚ್ತಾ ಇದೆ."

"ನಿಮ್ಮ ಮಗ ಎಲ್ಲತ್ತೆ?"

"ಇಲ್ಲೇ ನಿಂತಿದಾನೆ, ಗೋಡೆ ನೋಡ್ಕೊಂಡು."

"ನೋಡಿದ್ದು ಸಾಕು ಅನ್ನಿ. ಸುತ್ತಿಗೆ ತರಲಿ."

ಗೋಡೆಯಾಚೆ ಹೆಜ್ಜೆಗಳು ದೂರ ಸರಿದವು. ಎಂದಿನಂತೆ ಜಾರಿಕೊಂಡ ಎಂದುಕೊಂಡಳು. ಆಮೇಲೆ ಧಡ್ ಎಂದಿತು. ಮತ್ತೆ ಧಡ್. ಇಟ್ಟಿಗೆಯೊಂದು ಹುಲ್ಲಿನ ಮೇಲೆ ಬಿತ್ತು. ಕಿಂಡಿಯಲ್ಲಿ ಧೂಳು ಮೆತ್ತಿದ ಗಂಡನ ಮುಖ ಕಂಡಿತು.

ಕಾರ್ಯದರ್ಶಿ ಹೆಲ್ಮೆಟ್ಟಿನಲ್ಲೇ ಓಡಿಬಂದ. ಅವನ ಹಿಂದೆ ಇಡೀ ಜಾಥಾ.

"ಲೇ ಬೋಳಿಮಗನೆ, ಯಾರಪ್ಪನ ಗೋಡೆ ಅಂದ್ಕೊಂಡೆ? ಒಳಗೆ ಹಾಕಿಸ್ತೀನಿ."

"ಹಾಕ್ಸಿ ಸಾರ್," ಎಂದ ಗಾರೆಯವ, ಏಟು ನಿಲ್ಲಿಸದೆ. "ಸಿಮೆಂಟು ಕಮ್ಮಿ ಹಾಕು ಅಂದೋರು ನೀವೇ. ನಿಮ್ಮ ಹೊಟ್ಟೆ ತಣ್ಣಗಿರಲಿ, ಬೇಗ ಬೀಳ್ತಾ ಇದೆ."

ಆಚೆ ಓಣಿಯೆಲ್ಲ ನಕ್ಕಿತು. ಈಚೆ ಜಾಥಾದಲ್ಲೂ ಯಾರೋ ಕೆಮ್ಮಿದಂತೆ ನಕ್ಕರು. ಕಾರ್ಯದರ್ಶಿ ಪೊಲೀಸರಿಗೆ ಫೋನು ಹಚ್ಚಿ, ಹೆದ್ದಾರಿ ಹಿಡಿದು ಮೇಲ್ಸೇತುವೆ ಸುತ್ತಿ ಬನ್ನಿ ಎಂದು ದಾರಿ ಹೇಳತೊಡಗಿದ.

ಸುತ್ತಿಗೆ ನಿಂತಿತು. ಅತ್ತೆಯ ಕೈಗಳು ಕೂಸಿನ ತಲೆಗೆ ಸೆರಗು ಸುತ್ತಿ ಕಿಂಡಿಯೊಳಗಿಂದ ಹುಷಾರಾಗಿ ದಾಟಿಸಿದವು. ಬಿರುಗಾಳಿ ಎತ್ತಿಕೊಂಡವಳೇ ಕಾರ್ಯದರ್ಶಿಯ ಹುಲ್ಲಿನ ಮೇಲೆ, ಎಲ್ಲರ ಎದುರಿಗೇ, ಚಕ್ಕಳಮಕ್ಕಳ ಹಾಕಿ ಕುಳಿತು ಕುಪ್ಪಸ ಸಡಿಲಿಸಿದಳು. ಕೂಸು ಗಬಕ್ಕನೆ ಬಾಯಿ ಹಾಕಿತು. ಜಾಥಾದವರು ಎಲ್ಲಿ ನೋಡಬೇಕೆಂದು ತಿಳಿಯದೆ ಸೈಕಲ್ಲಿನ ಗಂಟೆ ಮುಟ್ಟಿಕೊಂಡು ನಿಂತರು.

ಅವಳು ತಲೆಯೆತ್ತಿ ಗಂಡನನ್ನು ನೋಡಿದಳು.

"ಕೂಸು ತೂರಿದ್ರೆ ಆಯ್ತಾ? ನಾನು ಹೆಂಗೆ ಬರ್ಲಿ? ಇನ್ನೂ ಅಗಲ ಮಾಡು."